ಮನೆಗೆ ತಲುಪಿಸಿ ಬಂದೆವು

ನಮ್ಮ ಪಾಲಿಕೆ ಕಚೇರಿಯಿಂದ ತಿಂಗಳಿಗೊಂದು ಪತ್ರ ಹೊರಡುತ್ತದೆ. ವಲಯದ ಮುಖ್ಯ ಅಧಿಕಾರಿ, ನಾವೆಲ್ಲ ಸಾಹೇಬರು ಅನ್ನುತ್ತೇವೆ, ತಮ್ಮ ಕೆಳಗಿನ ವಾರ್ಡುಗಳ ಜನರಿಗೂ ಸಿಬ್ಬಂದಿಗೂ ಬರೆಯುವ ಪತ್ರ ಅದು. ಅದರಲ್ಲಿ ಎರಡು ಭಾಗ. ಮೊದಲನೆಯದು ಕಾಮಗಾರಿ: ಯಾವ ಮೋರಿಯ ಹೂಳು ತೆಗೆದರು, ಯಾವ ಪಾರ್ಕಿಗೆ ಬೇಲಿ ಬಂತು, ಯಾವ ಅಡ್ಡರಸ್ತೆಯ ಫುಟ್‌ಪಾತು ಇನ್ನೂ ಅಗೆದ ಹಾಗೇ ಬಿದ್ದಿದೆ. ಎರಡನೆಯದು ಸಿಬ್ಬಂದಿ ಸಮಾಚಾರ: ಯಾರು ವರ್ಗವಾಗಿ ಬಂದರು, ಯಾರು ಹೋದರು, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ನಿವೃತ್ತರಾಗುತ್ತಿದ್ದಾರೆ. ಜನ ಮೊದಲು ಓದುವುದು ಎರಡನೆಯ ಭಾಗವನ್ನೇ. ಮೋರಿ ಎಲ್ಲಿಗೆ ಹೋಗುತ್ತದೆ, ಅಲ್ಲೇ ಇರುತ್ತದಲ್ಲ. ಕೆಳಗೆ ಸಾಹೇಬರ ಸಹಿ.

ಬರೆಯುವವಳು ನಾನು.

ಒಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. ಅಷ್ಟರಲ್ಲಿ ಈಗಿನವರೂ ಸೇರಿ ಆರು ಜನ ಸಾಹೇಬರಾದರು, ಪತ್ರದ ದನಿ ಮಾತ್ರ ಒಂದೇ ಉಳಿಯಿತು. ಹೊಸದಾಗಿ ಬಂದವರೊಬ್ಬರು ಹಳೆಯ ಪತ್ರಗಳನ್ನೆಲ್ಲ ಓದಿ, "ನಮ್ಮ ಹಿಂದಿನವರು ಎಷ್ಟು ಚೆನ್ನಾಗಿ ಬರೀತಿದ್ರು ನೋಡಿ ಮೇಡಂ, ನೀವೂ ಹಾಗೇ ಬರೆಯೋದು ಕಲೀರಿ" ಅಂದಿದ್ದರು. ಕಲಿಯುತ್ತೇನೆ ಸಾರ್ ಅಂದೆ. ಇನ್ನೊಬ್ಬರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಜೆ.ಪಿ. ನಗರದ ಹಿರಿಯ ನಾಗರಿಕರು ಸೇರಿ ಅವರ ಸೊಗಸಾದ ಕನ್ನಡಕ್ಕೆ ಶಾಲು ಹೊದಿಸಿ ಕಳಿಸಿದರು. ಅವರು ಪ್ರಾಮಾಣಿಕ ಮನುಷ್ಯ. ಸೀದಾ ಬಂದು ಶಾಲನ್ನು ನನ್ನ ಮೇಜಿನ ಮೇಲಿಟ್ಟು, "ಇದು ನಿಮ್ಮದು ಇದೆ, ಮೇಡಂ" ಅಂದರು.

ಆ ಕನ್ನಡ ನನ್ನದೂ ಅಲ್ಲ, ನಿಜ ಹೇಳಬೇಕೆಂದರೆ. ಯಡಿಯೂರಿನ ನಮ್ಮ ಅಜ್ಜಿಯದು, ಅವಳ ಜೊತೆ ಸಾಯಂಕಾಲ ಜಗಲಿಯ ಮೇಲೆ ಕೂರುತ್ತಿದ್ದ ನಾಲ್ಕೈದು ಮುದುಕಿಯರದು. ಅವರಿಗೆ ಯಾವ ಸುದ್ದಿಯನ್ನೂ ಎತ್ತಿ ಮುಖಕ್ಕೆ ಹೊಡೆದ ಹಾಗೆ ಹೇಳಲು ಬರುತ್ತಿರಲಿಲ್ಲ. ಹೀರೇಕಾಯಿಯಿಂದ ಶುರುವಾದ ಮಾತು, ಹೀರೇಕಾಯಿ ತಂದವಳು, ಅವಳ ಮೊಣಕಾಲು ನೋವು, ಅವಳ ಬೀದಿ, ಹೀಗೆ ಒಂದೊಂದೇ ಮೆಟ್ಟಿಲಿಳಿದು ಆ ಬೀದಿಯ ಸಾವಿನ ಸುದ್ದಿಗೆ ಬಂದು ಮುಟ್ಟುವಷ್ಟರಲ್ಲಿ ಕೇಳುವವರ ಮನಸ್ಸು ಹದಕ್ಕೆ ಬಂದಿರುತ್ತಿತ್ತು. ನಾನು ಚರಂಡಿಯ ಬಗ್ಗೆ ಬರೆಯುವಾಗಲೂ ಹಾಗೇ ಬರೆಯುತ್ತೇನೆ. ಈಗ ಅವರು ಯಾರೂ ಇಲ್ಲ. ಅದೇ ಯಡಿಯೂರಿನಲ್ಲಿ, ಕೆರೆಯಿಂದ ಎರಡು ರಸ್ತೆ ಈಚೆ, ಮಹಡಿಯ ಮೇಲೆ ಬಾಡಿಗೆಗಿದ್ದೇನೆ. ಒಬ್ಬಳೇ. ದಿನವೆಲ್ಲ ಸಾಹೇಬರ ಪರವಾಗಿ "ನಾನು" "ನಾನು" ಅಂತ ಬರೆದು ಮನೆಗೆ ಬಂದರೆ, ಹಾಲು ಉಕ್ಕಿತು ಅಂತ ಹೇಳಿಕೊಳ್ಳಲೂ ಜನವಿಲ್ಲ.

ನಮ್ಮ ಕಚೇರಿಯ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹುಟ್ಟಿದ ತಾರೀಕು ಯಾವುದೇ ಇರಲಿ, ನಮ್ಮ ನೌಕರಿ ಮುಗಿಯುವುದು ಅರವತ್ತು ತುಂಬಿದ ತಿಂಗಳ ಕಡೆಯ ಸಂಜೆ. ಅವತ್ತು ಮೂರು ಗಂಟೆಗೆ ಮೀಟಿಂಗ್ ಹಾಲಿನಲ್ಲಿ ಸಭೆ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ನಾಲ್ಕು ಜನ ಮಾತಾಡುತ್ತಾರೆ, ನಾಲ್ವರೂ ಅದನ್ನೇ. ಖಾರಾಬಾತ್, ಕೇಸರಿಬಾತ್. ಇಷ್ಟು ಎಲ್ಲ ಕಡೆ ಇರುವುದೇ. ನಮ್ಮಲ್ಲಿ ಮುಖ್ಯವಾದದ್ದು ಆಮೇಲಿನದು. ಪೇಟ, ಹಾರ ತೆಗೆಯದ ಹಾಗೇ ನಿವೃತ್ತರನ್ನು ಸಾಹೇಬರ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ, ಹಿಂದೆ ಐದಾರು ಜನ ಒತ್ತರಿಸಿಕೊಂಡು ಕೂತು, ಅವರ ಮನೆಬಾಗಿಲಿಗೆ ಕರೆದೊಯ್ಯುತ್ತೇವೆ. ಅಲ್ಲಿ ಹೆಂಡತಿಯೋ ಸೊಸೆಯೋ ಆರತಿ ತಟ್ಟೆ ಹಿಡಿದು ನಿಂತಿರುತ್ತಾರೆ. ನಮ್ಮಲ್ಲಿ ಹಿರಿಯರೊಬ್ಬರು, "ತಗೊಳಮ್ಮ, ಮೂವತ್ತು ವರ್ಷ ನಾವಿಟ್ಕೊಂಡಿದ್ವಿ, ಇನ್ಮೇಲೆ ನಿಮ್ದು" ಅಂತ ಒಪ್ಪಿಸುತ್ತಾರೆ. "ಕೆಟ್ಟೋಗಿರೋದನ್ನ ವಾಪಸ್ ಕೊಡ್ತಿದೀರಲ್ಲ, ರಿಪೇರಿಯಾದ್ರೂ ಮಾಡಿಸಿದೀರಾ?" ಅಂತ ಕೇಳಿದ ಹೆಂಡತಿಯೂ ಉಂಟು. ಕಾಫಿ ಕುಡಿದು, ನಕ್ಕು, ವಾಪಸಾಗುತ್ತೇವೆ. ಮುಂದಿನ ಪತ್ರದಲ್ಲಿ ನಾನು ತಪ್ಪದೆ ಬರೆಯುವ ಸಾಲು ಒಂದಿದೆ: "ಇವರನ್ನು ಗೌರವದಿಂದ ಮನೆಗೆ ತಲುಪಿಸಿ ಬಂದೆವು."

ಈ ಎಲ್ಲಕ್ಕೂ ಮೂಲ ನನ್ನ ಪತ್ರ. ಸಿಬ್ಬಂದಿ ಸಮಾಚಾರದಲ್ಲಿ ಹೆಸರು ಬಂತೋ, ಅದನ್ನು ನೋಡಿಕೊಂಡೇ ಶಾಲು, ಪೇಟ, ಜೀಪು. ಹೆಸರು ಬರಲಿಲ್ಲವೋ, ಏನೂ ಇಲ್ಲ.

ಈಗ ಆ ವರ್ಕ್ ಇನ್ಸ್‌ಪೆಕ್ಟರ ವಿಷಯ. ಕೆಲಸ ನಡೆಯುವ ಜಾಗದಲ್ಲಿ ಬಿಸಿಲಿನಲ್ಲಿ ನಿಂತು, ಕಂಟ್ರಾಕ್ಟರು ಹಾಕುವ ಕಲ್ಲು ಸಿಮೆಂಟು ನೋಡುವುದು ಅವರ ನೌಕರಿ. ಉತ್ತರಹಳ್ಳಿಯ ಹಳೆಯ ಒಕ್ಕಲು ಮನೆಯವರು. ಅವರಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟಿನ ಈಜುಕೊಳವಿದೆ. ಅಣ್ಣತಮ್ಮಂದಿರು ತಮ್ಮ ತಮ್ಮ ಪಾಲು ಮಾರಿ ಬೇರೆ ಕಡೆ ಹೋದರು, ಇವರು ಹಿತ್ತಿಲ ಕಡೆಯ ಎರಡು ಕೋಣೆಯಲ್ಲಿ ಉಳಿದರು. ಮಕ್ಕಳಾಗಲಿಲ್ಲ. ಹೆಂಡತಿ ನಾಲ್ಕು ವರ್ಷದ ಹಿಂದೆ ತೀರಿಕೊಂಡರು.

ಪತ್ರದ ಕಾಮಗಾರಿ ಭಾಗಕ್ಕೆ ಮಾಹಿತಿ ಕೊಡುತ್ತಿದ್ದವರು ಅವರೇ. ಪ್ರತಿ ತಿಂಗಳ ಹತ್ತನೇ ತಾರೀಕಿನ ಸುಮಾರಿಗೆ ನನ್ನ ಮೇಜಿನೆದುರು ಕೂತು, ಬೆವರಿಗೆ ಉಬ್ಬಿದ ಡೈರಿ ಬಿಚ್ಚಿ ಓದುತ್ತಿದ್ದರು. ನಾನು ಅವಸರದಲ್ಲಿ "ರಸ್ತೆ ಕೆಲಸ ಮುಗಿದಿದೆ" ಅಂತ ಬರೆದುಕೊಂಡರೆ ಬಿಡುತ್ತಿರಲಿಲ್ಲ. "ಮುಗಿದಿಲ್ಲ ಮೇಡಂ, ಗುಂಡಿ ಮುಚ್ಚಿದಾರೆ ಅಷ್ಟೆ. ಮುಚ್ಚಿದೆ ಅಂತ ಬರೀರಿ. ಸಾಹೇಬ್ರ ಹೆಸರಲ್ಲಿ ಸುಳ್ಳು ಹೋಗ್ಬಾರ್ದು." ತಿಂಗಳಲ್ಲಿ ಆ ಅರ್ಧ ಗಂಟೆ ನನಗೆ ಬೇಕಾಗಿತ್ತು. ಇಬ್ಬರೂ ಚರಂಡಿ ಬಿಟ್ಟು ಬೇರೆ ಏನೂ ಮಾತಾಡುತ್ತಿರಲಿಲ್ಲ. ಆದರೂ ಬೇಕಾಗಿತ್ತು.

ಆ ತಿಂಗಳು ಡೈರಿ ಮುಚ್ಚಿದ ಮೇಲೂ ಅವರು ಏಳಲಿಲ್ಲ.

"ಒಂದ್ ಸಣ್ಣ ಕೆಲಸ ಆಗ್ಬೇಕಿತ್ತಲ್ಲ ಮೇಡಂ."

"ಹೇಳಿ ಇನ್ಸ್‌ಪೆಕ್ಟ್ರೇ."

"ಈ ತಿಂಗಳ ಕೊನೇಗೆ ನಂದು ಮುಗೀತದೆ."

"ಏನ್ ಮುಗೀತದೆ?"

"ಸರ್ವೀಸು."

ಎಲ್ಲರ ನಿವೃತ್ತಿಯ ಲೆಕ್ಕ ಬೆರಳ ತುದಿಯಲ್ಲಿಟ್ಟುಕೊಂಡವಳಿಗೆ ಇವರದು ಗೊತ್ತಿರಲಿಲ್ಲ. ಕಾರಣವಿತ್ತು. ಅವರು ನಮ್ಮಲ್ಲಿ ಓಓಡಿ ಮೇಲಿದ್ದರು. ಅಂದರೆ ಹುದ್ದೆ ಒಂದು ಕಚೇರಿಯಲ್ಲಿ, ದುಡಿಮೆ ಇನ್ನೊಂದು ಕಚೇರಿಯಲ್ಲಿ. ಅವರ ಸಂಬಳ, ಸೇವಾ ಪುಸ್ತಕ ಎಲ್ಲ ಬನಶಂಕರಿ ಕಡೆಯ ಕಚೇರಿಯಲ್ಲಿ, ಮೈ ಮಾತ್ರ ಹನ್ನೊಂದು ವರ್ಷದಿಂದ ಜಯನಗರದ ನಮ್ಮಲ್ಲಿ.

"ಅದನ್ನ ಪತ್ರದಲ್ಲಿ ಹಾಕ್ಬೇಡಿ" ಅಂದರು.

"ಯಾಕೆ, ಪೇಟ ತಲೆಗೆ ಸರಿಹೋಗಲ್ವಾ?"

ನಗಲಿಲ್ಲ. ಡೈರಿಯ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು.

"ಆವಾಗ ಒಬ್ಬ ಡ್ರೈವರ್‌ನ ಬಿಡೋಕೆ ಹೋಗಿದ್ವಲ್ಲ ಮೇಡಂ, ಬಿ.ಟಿ.ಎಂ. ಲೇಔಟಿಗೆ. ನೀವು ಬಂದಿರ್ಲಿಲ್ಲ. ಅವನ್ಗೆ ಮನೇಲಿ ಯಾರೂ ಇಲ್ಲ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಹೋಗಿ ನಿಂತ್ರೆ ಬೀಗ. ಕೊರಳಲ್ಲಿ ಹಾರ, ಒಂದ್ ಕೈಲಿ ಹಣ್ಣಿನ ಬುಟ್ಟಿ, ಇನ್ನೊಂದ್ ಕೈಲಿ ಬೀಗದ ಕೈಗೆ ಜೇಬು ತಡಕ್ತಾನೆ. ಶಾಲು ಅಡ್ಡ ಬರ್ತದೆ. ಅಕ್ಕಪಕ್ಕದ ಮನೆಯೋರು ನೋಡ್ತಾ ನಿಂತವ್ರೆ. ಅಷ್ಟ್ರಲ್ಲಿ ಜೀಪಿಂದ ಒಬ್ಬ, 'ಯಾರಿಗ್ ಒಪ್ಪಿಸೋದ್ರಪ್ಪಾ ಇವನ್ನ, ಬೀಗಕ್ಕಾ?' ಅಂದ. ಎಲ್ರೂ ನಕ್ರು. ಅವನೂ ನಕ್ಕ, ಪಾಪ."

"ನೀವೂ ನಕ್ರಾ?"

"ಅಂದೋನೇ ನಾನು ಮೇಡಂ." ರಬ್ಬರ್ ಬ್ಯಾಂಡನ್ನು ಬಿಚ್ಚಿ ಡೈರಿಗೆ ಹಾಕಿ, "ಆಗ ನಮ್ಮನೆಯವಳಿದ್ಲು" ಅಂದರು.

ನಾನು ಟೈಪು ಮಾಡುವವಳ ಹಾಗೆ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡೆ.

"ನಂಗೆ ಆ ಬೀಗದ ಮುಂದೆ ಹಾರ ಹಾಕ್ಕೊಂಡು ನಿಲ್ಲೋಕಾಗಲ್ಲ. ಅಷ್ಟೇ ಕೇಳ್ಕೊಳ್ಳೋದು. ಅಲ್ಲಿ ಆಫೀಸಿನೋರು ಇಲ್ಲಿ ಮಾಡ್ತಾರೆ ಅನ್ಕೋತಾರೆ. ಇಲ್ಲಿಯೋರಿಗೆ ನನ್ನ ತಾರೀಕೇ ಗೊತ್ತಿಲ್ಲ. ಮಧ್ಯದಲ್ಲಿ ನಾನು ಸುಮ್ನೆ ಬಸ್ ಹತ್ಕೊಂಡು ಹೋಗ್ಬಿಡ್ತೀನಿ. ನೀವೊಬ್ರು ಬಾಯಿ ಬಿಡ್ದಿದ್ರೆ ಸಾಕು."

ಸಿಬ್ಬಂದಿ ಸಮಾಚಾರದಿಂದ ಒಬ್ಬರ ನಿವೃತ್ತಿಯನ್ನು ಬೇಕೆಂದೇ ಬಿಡುವುದು ನನ್ನ ಕೆಲಸಕ್ಕೆ ಒಪ್ಪುವ ಮಾತಲ್ಲ. ಬೇರೆ ಯಾರಾದರೂ ಕೇಳಿದ್ದರೆ ಬುದ್ಧಿ ಹೇಳಿ ಕಳಿಸುತ್ತಿದ್ದೆ. ಆದರೆ ಅವರು ಹೇಳುತ್ತಿದ್ದ ಬೀಗ ನನಗೂ ಕಾಣುತ್ತಿತ್ತು. ನನ್ನ ಸರದಿಗೆ ಇನ್ನೂ ನಾಲ್ಕು ವರ್ಷವಿದೆ. ಆ ಸಂಜೆಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ನಡೆಸಿ ನೋಡಿದ್ದೇನೆ, ಮಹಡಿ ಮೆಟ್ಟಿಲ ಹತ್ತಿರ ಬಂದಾಗೆಲ್ಲ ನಿಲ್ಲಿಸಿಬಿಟ್ಟಿದ್ದೇನೆ.

"ಆಯ್ತು" ಅಂದೆ.

ಪತ್ರ ಹೋಯಿತು. ಸಿಬ್ಬಂದಿ ಸಮಾಚಾರದಲ್ಲಿ ಆ ತಿಂಗಳ ನಿವೃತ್ತಿ ಒಂದೇ: ಟಪಾಲು ವಿಭಾಗದ ಜವಾನರು, ಬಿಳೇಕಹಳ್ಳಿಯವರು. ಇಡೀ ಕಚೇರಿಗೆ ಬೇಕಾದ ಮನುಷ್ಯ. ಬನಶಂಕರಿಯ ಕಚೇರಿಯಿಂದ ಒಂದು ಫೋನೂ ಬರಲಿಲ್ಲ. ಇನ್ಸ್‌ಪೆಕ್ಟರು ಹೇಳಿದ್ದು ಅಕ್ಷರಕ್ಕಕ್ಷರ ನಿಜವಾಯಿತು. ಎರಡು ಕಚೇರಿಯ ನಡುವಿನ ಸಂದಿಯನ್ನು ಹನ್ನೊಂದು ವರ್ಷ ಅಳೆದು ನೋಡಿಕೊಂಡಿದ್ದವರಲ್ಲವೇ.

ತಿಂಗಳ ಕೊನೆಯ ದಿನ ಬಂತು. ಜವಾನರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆಳಿಗ್ಗೆಯಿಂದಲೇ ಮದುಮಗನ ಹಾಗೆ ಓಡಾಡುತ್ತಿದ್ದರು. ಇನ್ಸ್‌ಪೆಕ್ಟರು ದಿನದಂತೆ ಸಿಮೆಂಟಿನ ಕಲೆಯ ಪ್ಯಾಂಟಿನಲ್ಲಿ ಬಂದರು. ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕುವಾಗ ಸ್ವಲ್ಪ ತಡವಾಯಿತು, ಅಷ್ಟೇ. ಹಿಂದೆ ನಿಂತವನು "ಬೇಗ ಗುರು, ಚೆಕ್ಕಾ ಅದು?" ಅಂದ.

ಮೂರು ಗಂಟೆಯ ಸಭೆಗೂ ಬಂದರು. ಹಿಂದಿನ ಸಾಲಿನಲ್ಲಿ ಕೂತು ಎಲ್ಲದಕ್ಕೂ ಚಪ್ಪಾಳೆ ತಟ್ಟಿದರು. ತಮ್ಮ ಕೊನೆಯ ದಿನ ಇನ್ನೊಬ್ಬರ ಕೊನೆಯ ದಿನಕ್ಕೆ. ಮಾತಾಡುವವರು ಒಬ್ಬರು ಕಮ್ಮಿ ಬಿದ್ದರು ನೋಡಿ, ಸಾಹೇಬರು ಮೈಕು ಅವರ ಕಡೆ ಚಾಚಿ, "ಇನ್ಸ್‌ಪೆಕ್ಟ್ರೇ, ನೀವಿಬ್ರೂ ಒಂದೇ ಕಾಲದೋರಲ್ವಾ, ಎರಡು ಮಾತಾಡಿ" ಅಂದರು.

ಅವರು ಎದ್ದು ನಿಂತು, ಮೈಕನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಹೊಟ್ಟೆಯ ಹತ್ತಿರ ಹಿಡಿದುಕೊಂಡು ಹೇಳಿದರು: "ಇವ್ರು ತಂದ್ಕೊಟ್ಟ ಟಪಾಲು ಒಂದೂ ತಪ್ಪಿಲ್ಲ. ನಾಳೆಯಿಂದ ಮನೇಲಿ ಕೂತಿರ್ತಾರೆ. ಇವ್ರಿಗೂ ಯಾರಾದ್ರೂ ಒಂದ್ ಕಾಗ್ದ ಬರೀಬೇಕು." ಕೂತರು. ಜವಾನರು ಕಣ್ಣೊರೆಸಿಕೊಂಡರು. ನಾನು ಖಾರಾಬಾತಿನಲ್ಲಿ ಗೋಡಂಬಿ ಹುಡುಕುವವಳ ಹಾಗೆ ತಲೆ ತಗ್ಗಿಸಿಕೊಂಡೆ.

ಜೀಪು ಹೊರಡುವ ಹೊತ್ತಿಗೆ ಇನ್ಸ್‌ಪೆಕ್ಟರು ಸದ್ದಿಲ್ಲದೆ ಗೇಟಿನ ಕಡೆ ಹೆಜ್ಜೆ ಹಾಕಿದ್ದರು. ಸಾಹೇಬರೇ ಕೂಗಿದರು. "ಎಲ್ಲಿ ಹೊರಟ್ರಿ? ಹತ್ತಿ ಹತ್ತಿ, ಬಿಳೇಕಹಳ್ಳಿ ಗಲ್ಲಿ ನಿಮಗೇ ಗೊತ್ತಿರೋದು." ಹತ್ತಿದರು. ನಾನು ಸಾಮಾನ್ಯವಾಗಿ ಹೋಗುವವಳಲ್ಲ. ಅವತ್ತು ಯಾರೂ ಕರೆಯದೆ ನಾನೂ ಹತ್ತಿ ಕೂತೆ.

ಬನ್ನೇರುಘಟ್ಟ ರಸ್ತೆಯಲ್ಲಿ ಮುಕ್ಕಾಲು ಗಂಟೆ ನಿಂತೆವು. ಪಕ್ಕದ ಆಟೋದವರು ಪೇಟ ನೋಡಿ, "ಮದ್ವೇನಾ ಸಾರ್?" ಅಂತ ಕೇಳಿದರು. "ಡೈವೋರ್ಸು, ಆಫೀಸಿಂದ" ಅಂದರು ಜವಾನರು. ಜೀಪೆಲ್ಲ ನಗು. ಇನ್ಸ್‌ಪೆಕ್ಟರು ಕಿಟಕಿಯಿಂದ ಕೈ ಹೊರಗಿಟ್ಟು, ಎಡಕ್ಕೆ, ಬಲಕ್ಕೆ, ಇಲ್ಲೊಂದು ಹಂಪಿದೆ ನಿಧಾನ, ಅಂತ ದಾರಿ ಹೇಳುತ್ತಿದ್ದರು. ಆ ಹಂಪು ಹಾಕಿಸಿದ್ದೂ ಅವರೇ ಇರಬೇಕು.

ಮನೆ ಮುಂದೆ ದೊಡ್ಡ ರಂಗೋಲಿ. ಪಟಾಕಿಯ ಸರ ಸಿಡಿಯಿತು. ಜವಾನರ ಹೆಂಡತಿ ಗಟ್ಟಿಮುಟ್ಟಾದ ಹೆಂಗಸು, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆರತಿ ಎತ್ತಿದರು. ಒಪ್ಪಿಸುವ ಮಾತನ್ನು ಸಾಹೇಬರು ಹೇಳಿದರು. "ಇಲ್ಲಿಟ್ಟು ಹೋಗಿ ಸಾರ್, ಮನೇಲಿ ಟಪಾಲು ಜಾಸ್ತಿ ಇದೆ, ನಾಳೆಯಿಂದ ತರಕಾರಿ ತರೋ ಡ್ಯೂಟಿ" ಅಂದರು ಆಕೆ. ಒಳಗೆ ಕೂರಿಸಿ ಕಾಫಿ ಕೊಟ್ಟರು. ಇನ್ಸ್‌ಪೆಕ್ಟರ ಮುಂದೆ ಲೋಟ ಹಿಡಿದಾಗ ಕೇಳಿಯೇಬಿಟ್ಟರು:

"ನಿಮ್ದು ಯಾವಾಗಣ್ಣ?"

"ನಂದಾ? ನಂದೂ ಹತ್ರ ಬಂತಮ್ಮ."

"ಹೇಳಿ ಮತ್ತೆ! ನಮ್ಮೋರ ಜೊತೆ ನಾನೂ ಬರ್ತೀನಿ. ಹೆಂಗಸ್ರು ಬರ್ಬಾರ್ದು ಅಂತ ಏನಾದ್ರೂ ಇದ್ಯಾ ನಿಮ್ಮ ಜೀಪಲ್ಲಿ?"

"ಬನ್ನಿ ಅಮ್ಮ, ಅದಕ್ಕೇನಂತೆ."

ನಾನು ಎದುರಿಗೇ ಕೂತಿದ್ದೆ. "ಇವತ್ತೇ ಅಮ್ಮ ಇವರದೂ" ಅಂತ ನಾನೊಂದು ಮಾತು ಆಡಿದ್ದರೆ ಏನಾಗುತ್ತಿತ್ತೆಂದು ಬಲ್ಲೆ. ಆಕೆ ಆರತಿ ತಟ್ಟೆ ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ನಮ್ಮೆಲ್ಲರಿಗಿಂತ ಮುಂಚೆ ಜೀಪು ಹತ್ತಿ ಕೂರುತ್ತಿದ್ದರು. ಉತ್ತರಹಳ್ಳಿಯ ಬೀಗ ತೆಗೆಸಿ, ತಾವು ಒಳಗೆ ಹೋಗಿ, ತಿರುಗಿ ನಿಂತು ಬರಮಾಡಿಕೊಳ್ಳುತ್ತಿದ್ದರು. ಅಂಥ ಹೆಂಗಸು. ಮಾತು ನಾಲಿಗೆಯ ತುದಿವರೆಗೆ ಬಂತು. ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು, ಒಂದೇ ಸಲ. ಮಾತು ಕೊಟ್ಟಿದ್ದೆನಲ್ಲ. ಕಾಫಿ ಕುಡಿದೆ. ಅವತ್ತು ಸುಮ್ಮನಿದ್ದದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ.

ವಾಪಸು ಬರುವಾಗ ಸಾಹೇಬರೂ ಸೇರಿ ಒಬ್ಬೊಬ್ಬರೇ ಇಳಿದುಕೊಂಡರು. ಜಯನಗರದ ಬಸ್ ನಿಲ್ದಾಣ ಬಂದಾಗ ಇನ್ಸ್‌ಪೆಕ್ಟರು "ಇಲ್ಲೇ ನಿಲ್ಸಪ್ಪ" ಅಂದರು.

"ಬೆಳಿಗ್ಗೆ ಬೇಗ ಬನ್ನಿ ಅಣ್ಣ, ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಹೊರಡ್ತಾರಂತೆ" ಅಂದ ಡ್ರೈವರು.

"ಆಯ್ತಪ್ಪ" ಅಂದರು.

ಜವಾನರ ಹೆಂಡತಿ ಎಲ್ಲರಿಗೂ ಕೊಟ್ಟಿದ್ದ ಬಾಳೆಹಣ್ಣಿನ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, ಎರಡು ಬಸ್ಸುಗಳ ನಡುವೆ ನುಗ್ಗಿ ಹೋದರು. ಸಂಜೆಯ ಜನಜಂಗುಳಿ. ಬಿಳಿ ಕೂದಲಿನ ತಲೆ ಸ್ವಲ್ಪ ದೂರ ಕಂಡಿತು, ಆಮೇಲೆ ಅಂಥ ತಲೆಗಳು ತುಂಬ ಕಂಡವು.

ಅವರು ಬಯಸಿದ್ದು ನೆರವೇರಿತು. ಯಾರೂ ಗಮನಿಸಲಿಲ್ಲ. ಮರುದಿನ ಸಾಹೇಬರ ಇನ್‌ಸ್ಪೆಕ್ಷನ್ ಮುಂದಕ್ಕೆ ಹೋಯಿತು. ಕೇಳಿದವರಿಗೆ ಯಾರೋ "ಸೈಟಲ್ಲಿರ್ಬೇಕು" ಅಂದರು. ಅದರ ಮರುದಿನವೂ ಸೈಟಲ್ಲಿದ್ದರು. ಒಂದು ವಾರ ಸೈಟಲ್ಲಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ನಾನು ಎಲ್ಲರ ಮುಖ ನೋಡುತ್ತಿದ್ದೆ, ಯಾರಾದರೂ ಒಬ್ಬರಿಗಾದರೂ ಹೊಳೆಯಲಿ ಅಂತ ಒಂದು ಮನಸ್ಸು, ಹೊಳೆಯದಿರಲಿ ಅಂತ ಒಂದು ಮನಸ್ಸು. ಹನ್ನೊಂದು ವರ್ಷ ಕಣ್ಣೆದುರಿಗಿದ್ದ ಮನುಷ್ಯ ಇಲ್ಲವಾಗಿದ್ದಾರೆ ಅನ್ನುವುದು ಆ ಕಟ್ಟಡದಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಹಿಂದೆಂದೂ ಕೂತು ಊಟ ಮಾಡಿರಲಿಲ್ಲ.

ಒಂಬತ್ತನೆಯ ದಿನ ಸಾಹೇಬರು ಕರೆಸಿದರು. ಯಾವುದೋ ಅಡ್ಡರಸ್ತೆಯ ಚರಂಡಿ ಕಲ್ಲಿನ ದೂರು ಬಂದಿತ್ತು.

"ಎಲ್ಲಿ ಮೇಡಂ ನಮ್ಮ ಇನ್ಸ್‌ಪೆಕ್ಟರು? ಫೋನ್ ಮಾಡಿದ್ರೆ 'ನಾನು ಈಗ ಬರೋ ಹಾಗಿಲ್ಲ ಸಾರ್' ಅಂತಾರೆ. ಏನು ಹಾಗಂದ್ರೆ?"

"ನಿವೃತ್ತಿ ಆದ್ರು ಸಾರ್. ಹೋದ ತಿಂಗಳ ಕೊನೇಗೆ."

ಸಾಹೇಬರು ಕನ್ನಡಕ ತೆಗೆದಿಟ್ಟರು. "ಅವತ್ತು ನಮ್ಮ ಜೊತೆ ಜೀಪಲ್ಲಿ ಬಂದಿದ್ರಲ್ರೀ!"

"ಹೌದು ಸಾರ್."

ಅವರಿಗೆ ನಿಜವಾಗಿ ನೋವಾಯಿತು. ಒಳ್ಳೆಯವರು. ನೋವಾದಾಗ ಕೆಲಸಕ್ಕೆ ಇಳಿದುಬಿಡುವ ಸ್ವಭಾವ. "ಛೇ, ಛೇ. ಈ ಶನಿವಾರವೇ ಕರೆಸಿ. ದೊಡ್ಡದಾಗಿ ಮಾಡೋಣ. ಡೊಳ್ಳಿನವರಿಗೆ ಹೇಳಿ. ಎರಡು ಜೀಪು ತಗೊಂಡು ಹೋಗೋಣ. ನಾನೇ ಮನೆ ಒಳಗಿನವರೆಗೂ ಕೈ ಹಿಡ್ಕೊಂಡು ಬಿಟ್ಟು ಬರ್ತೀನಿ."

ನನಗೆ ಆ ಹಿತ್ತಿಲ ಬಾಗಿಲು, ಡೊಳ್ಳು, ಎರಡು ಜೀಪಿನ ಜನ, ಜೇಬು ತಡಕುವ ಕೈ, ಎಲ್ಲ ಒಟ್ಟಿಗೆ ಕಂಡವು.

"ಬೇಡ ಸಾರ್" ಅಂದೆ.

ಒಂಬತ್ತು ವರ್ಷದಲ್ಲಿ ಆರು ಸಾಹೇಬರ ಮಾತು ಬರೆದವಳು, ಯಾವ ಸಾಹೇಬರಿಗೂ ಬೇಡ ಅಂದಿರಲಿಲ್ಲ. ಅಜ್ಜಿಯ ಹಾಗೆ ಹೀರೇಕಾಯಿಯಿಂದ ಶುರುಮಾಡಲು ಆಗಲಿಲ್ಲ. "ಅವರ ಮನೇಲಿ ಬಾಗಿಲು ತೆಗೆಯೋರು ಯಾರೂ ಇಲ್ಲ ಸಾರ್. ಅದಕ್ಕೇ ಹೆಸರು ಹಾಕ್ಬೇಡಿ ಅಂತ ಅವರೇ ನನ್ನ ಕೇಳ್ಕೊಂಡ್ರು. ನಾನು ಗೊತ್ತಿದ್ದೇ ಬಿಟ್ಟೆ. ತಪ್ಪು ನಂದೇ."

ಸಾಹೇಬರು ತುಂಬ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಬೈಯುತ್ತಾರೆ ಅಂದುಕೊಂಡೆ. "ಸರಿ. ಶನಿವಾರ ಏನೂ ಬೇಡ" ಅಂದರು. ಆಮೇಲೆ, "ಆದ್ರೆ ಪತ್ರದಲ್ಲಿ ಬರಲೇಬೇಕು. ಬರೆದು ತನ್ನಿ. ಇಲ್ಲದ್ದು ಬರೀಬೇಡಿ."

ನಾಲ್ಕು ಸಾಲಿಗೆ ಎರಡು ದಿನ ಹಿಡಿಯಿತು. ಕಡೆಗೆ ಹೀಗೆ ಬರೆದೆ: "ನಮ್ಮ ವರ್ಕ್ ಇನ್ಸ್‌ಪೆಕ್ಟರು ಹಿಂದಿನ ತಿಂಗಳ ಕೊನೆಗೆ ನಿವೃತ್ತರಾದರು. ಹನ್ನೊಂದು ವರ್ಷ ನಮ್ಮಲ್ಲಿ ದುಡಿದು, ಈ ಪತ್ರದ ಕಾಮಗಾರಿ ಭಾಗದಲ್ಲಿ ಒಂದು ಸುಳ್ಳೂ ಸೇರದಂತೆ ಕಾದವರು. ಅವರನ್ನು ಬೀಳ್ಕೊಡುವುದು ನಮ್ಮ ಗಮನದಿಂದ ತಪ್ಪಿತು. ತಮ್ಮ ಕೊನೆಯ ಸಂಜೆ ಅವರು ಸಹೋದ್ಯೋಗಿಯೊಬ್ಬರನ್ನು ಮನೆಗೆ ತಲುಪಿಸಿ, ತಮ್ಮ ಮನೆಗೆ ಬಸ್ಸಿನಲ್ಲಿ ಹೋದರು."

ಸಾಹೇಬರು ಎರಡು ಸಲ ಓದಿದರು. "ನಮ್ಮ ಗಮನದಿಂದ" ಅನ್ನುವುದನ್ನು ಹೊಡೆದು "ನನ್ನ ಗಮನದಿಂದ" ಅಂತ ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ತಪ್ಪು ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ಪತ್ರ ಎಲ್ಲರಿಗೂ ಹೋಗುವುದು ಫೋನಿನಲ್ಲೇ. ಇನ್ಸ್‌ಪೆಕ್ಟರದು ಗುಂಡಿ ಒತ್ತುವ ಹಳೆಯ ಫೋನು, ಅದಕ್ಕೆ ಹೋಗುವುದಿಲ್ಲ. ಭಾನುವಾರ ಒಂದು ಪ್ರತಿ ಕೈಯಲ್ಲಿ ಹಿಡಿದು ಉತ್ತರಹಳ್ಳಿಯ ಬಸ್ಸು ಹತ್ತಿದೆ. ಬೀದಿ ಕೊನೆಯ ಅಂಗಡಿಯಲ್ಲಿ ಕೇಳಿದರೆ, ಅಂಗಡಿಯಾಕೆ "ಯಾವಾಗ್ಲೂ ಬೀಗ ಹಾಕಿರುತ್ತಲ್ಲ, ಆ ಮನೇನಾ ಅಕ್ಕ?" ಅಂತ ಕೇಳಿ, ಗಲ್ಲಿಯ ಒಳಕ್ಕೆ ಕೈ ತೋರಿಸಿದಳು.

ಬೀಗವಿರಲಿಲ್ಲ. ನೀಲಿ ಬಣ್ಣದ ಸಣ್ಣ ಬಾಗಿಲು, ಒಳಗೆ ರೇಡಿಯೋ ಸದ್ದು. ಬಡಿದೆ. ಯಾರೂ ಬರಲಿಲ್ಲ. ಮತ್ತೆ ಬಡಿದೆ. ರೇಡಿಯೋ ಹಾಡುತ್ತಲೇ ಇತ್ತು. ಮೂರನೆಯ ಸಲ ಬಡಿದಾಗ ಮೇಲಿನ ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದವಳು ಬಗ್ಗಿ ನೋಡಿ, "ಒಳಗೇ ಇದಾರೆ ಆಂಟಿ, ಜೋರಾಗಿ ಬಡೀರಿ" ಅಂದಳು. ಅಂಗೈಯಿಂದ ಬಡಿದೆ. ರೇಡಿಯೋ ನಿಂತಿತು.

ಬಾಗಿಲು ತೆರೆಯಿತು. ಲುಂಗಿ, ಅವಸರದಲ್ಲಿ ತಪ್ಪು ಗುಂಡಿ ಹಾಕಿಕೊಂಡ ಅಂಗಿ.

"ನೀವಾ! ಎಷ್ಟ್ ಹೊತ್ತಾಯ್ತು ಮೇಡಂ ಬಂದು? ಪಕ್ಕದ್ಮನೆ ಬಾಗ್ಲು ಅನ್ಕೊಂಡೆ. ಈ ಬಾಗ್ಲು ಬಡಿದ್ರೆ ಒಳಗೆ ಹೆಂಗ್ ಕೇಳುತ್ತೆ ಅಂತ್ಲೇ ನಂಗೆ ಗುರ್ತಿಲ್ಲ ನೋಡಿ. ನಾನು ಯಾವಾಗ್ಲೂ ಹೊರಗಡೆಯಿಂದ ಬರೋನು."

ಬಾಗಿಲನ್ನು ಅಗಲ ತೆರೆದಿಟ್ಟು, ಪ್ಲಾಸ್ಟಿಕ್ ಕುರ್ಚಿಯನ್ನು ಹೊಸ್ತಿಲ ಹತ್ತಿರವೇ ಹಾಕಿ ನನ್ನನ್ನು ಕೂರಿಸಿದರು. ತಾವು ಮೆಟ್ಟಿಲ ಮೇಲೆ ಕೂತರು. ಕಾಫಿ ಮಾಡಿ ತಂದರು, ನನಗೆ ಲೋಟದಲ್ಲಿ, ತಮಗೆ ಬಟ್ಟಲಿನಲ್ಲಿ. ಪತ್ರ ಕೊಟ್ಟೆ. ಕಾಮಗಾರಿ ಭಾಗದಿಂದಲೇ ಶುರುಮಾಡಿದರು.

"ಚರಂಡಿ ಕಲ್ಲು ಹದಿನಾಲ್ಕು ಅಂತ ಯಾರು ಕೊಟ್ರು ನಿಮಗೆ? ಹದಿನಾರು. ಮೂಲೆ ಮನೆಯೋರು ಎರಡರ ಮೇಲೆ ಕಾರ್ ನಿಲ್ಸ್ತಾರೆ, ಕಾಣಲ್ಲ."

"ಮುಂದಿನ ತಿಂಗಳು ತಿದ್ದುತೀನಿ."

ಆಮೇಲೆ ಎರಡನೆಯ ಭಾಗ. ಆ ನಾಲ್ಕು ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ, ತುಟಿ ಅಲ್ಲಾಡಿಸುತ್ತಾ ಓದಿದರು. ಕೊನೆಗೆ ಬಂದು ಮತ್ತೆ ಮೊದಲಿಗೆ ಹೋದರು. ಮೇಲಿನ ಮನೆಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಕಾಫಿ ಮುಗಿಸಿದೆ.

"ಬಸ್ ನಂಬರ್ ಹಾಕಿಲ್ಲ" ಅಂದರು. ಪತ್ರವನ್ನು ನಾಲ್ಕಾಗಿ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡರು. ಗುಂಡಿ ತಪ್ಪಿದ್ದದ್ದು ಆಗ ಗಮನಕ್ಕೆ ಬಂದು, ಅತ್ತ ತಿರುಗಿ ಸರಿಮಾಡಿಕೊಂಡರು.

ಹೊರಡುವಾಗ, "ಹತ್ತನೇ ತಾರೀಕು ಬರ್ಲಾ ಮೇಡಂ, ಡೈರಿ ತಗೊಂಡು? ಸುಮ್ನೆ ಹೋಗಿ ನೋಡ್ಕೊಂಡು ಬರ್ತಿರ್ತೀನಿ ರಸ್ತೆಗಳ್ನ" ಅಂದರು. ಹೊಸ ಇನ್ಸ್‌ಪೆಕ್ಟರು ಬಂದಾಗಿತ್ತು. ಚಿಕ್ಕ ವಯಸ್ಸಿನವರು, ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದು ಕಳಿಸುತ್ತಾರೆ, ನನ್ನ ಮೇಜಿನ ಹತ್ತಿರ ಬರುವ ಅಗತ್ಯವೇ ಬೀಳುವುದಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ. "ಬನ್ನಿ" ಅಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನನ್ನ ಮಹಡಿ ಮನೆಗೆ ಕರೆಗಂಟೆಯಿದೆ. ನಾನು ಬಾಡಿಗೆಗೆ ಬಂದ ಹೊಸದರಲ್ಲಿ ಮಾಲೀಕರು ಹಾಕಿಸಿಕೊಟ್ಟದ್ದು. ಅದು ಹಕ್ಕಿ ಕೂಗಿದ ಹಾಗೆ ಕೂಗುತ್ತದೋ, ಬರೀ ಟ್ರಿಣ್ ಅನ್ನುತ್ತದೋ, ಯಡಿಯೂರು ಬರುವವರೆಗೂ ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.